ಬಲತೋಳಿನ ದೇವಿ

ನನಗೆ ದೇವಿ ಹಾಕಿದ ಕಲೆ ಎರಡೂ ತೋಳಿನ ಮೇಲಿದೆ. ಎಡಗಡೆಯದು ನನ್ನದು. ಬಲಗಡೆಯದು ನನ್ನ ಗೆಳತಿಯದು.

ಸಿಡುಬು ಬಾರದಂತೆ ಚುಚ್ಚುವುದಕ್ಕೆ ನಮ್ಮ ಹುಕ್ಕೇರಿ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಸಿಡುಬಿಗೂ ದೇವಿ ಎಂದೇ ಹೆಸರು. ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು, ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಹತ್ತರಗಿ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಮನುಷ್ಯ ಡಾಕ್ಟರನೂ ಅಲ್ಲ, ಏನೂ ಅಲ್ಲ. ನಮಗೆ ಮಾತ್ರ ಅವನು ದೇವಿ ಡಾಕ್ಟರ. ತೋಳಿಗೆ ಲಸಿಕೆ ಹಚ್ಚಿ, ಸಣ್ಣ ಹಲ್ಲುಗಳಿದ್ದ ಬಿಲ್ಲೆಯೊಂದನ್ನು ಒತ್ತಿ ತಿರುವುತ್ತಿದ್ದ. ಅದನ್ನು ಕಂಡರೆ ನನ್ನ ಗೆಳತಿಗೆ ಜೀವವೇ ಹೋಗುತ್ತಿತ್ತು.

ನಾನಾದರೋ ಜಂಬಗಾರ್ತಿ. ಎಡತೋಳು ಕೊಟ್ಟು ಬಂದು, ಶಾಲೆಯ ಹಿಂದಿನ ಗೋಡೆಗೆ ಆತು ಅಳುತ್ತಿದ್ದವಳಿಗೆ, “ಸುಮ್ಮನಿರ, ನಿಂದೂ ನಾನ ಹಾಕಿಸ್ಕೋತೀನಿ” ಎಂದೆ. ಮಾಸ್ತರರು ಕಿಟಕಿ ಹಾರಿದವರನ್ನು ಹಿಡಿಯಲು ಓಡಿದ್ದರು. ದೇವಿ ಡಾಕ್ಟರ ತೋಳು ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಅವಳ ಹೆಸರು ಕೂಗಿದಾಗ ಹೋಗಿ ಬಲತೋಳು ಚಾಚಿದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೀಟು ಬಿತ್ತು. ಅಂದು ಅವಳು ಬುತ್ತಿಯಲ್ಲಿದ್ದ ಶೇಂಗಾ ಹೋಳಿಗೆ ಪೂರ್ತಿ ನನಗೇ ಕೊಟ್ಟಳು. ತಿಂದೆ.

ಹಾಕಿದ್ದು ಹಿಡಿದರೆ ಎಂಟು ದಿನಕ್ಕೆ ಗುಳ್ಳೆ ಏಳಬೇಕು. ನನಗೆ ಎರಡೂ ಕಡೆ ಎದ್ದವು, ಜ್ವರವೂ ಬಂತು. ಗುಳ್ಳೆ ನೋಡಲು ಬರಬೇಕಿದ್ದ ದೇವಿ ಡಾಕ್ಟರ ಬರಲೇ ಇಲ್ಲ. ಕೆಲವರಿಗೆ ಏಳುವುದಿಲ್ಲ ಎಂದುಕೊಂಡು ಗೆಳತಿಯ ಅವ್ವ ಸುಮ್ಮನಾದಳು.

ಬೇಸಿಗೆಯ ಹೊತ್ತಿಗೆ ಯಮಕನಮರಡಿಯಲ್ಲಿ ಸಿಡುಬು ಕಾಣಿಸಿತು. ದೇವಿ ಡಾಕ್ಟರ ಮತ್ತೆ ಬಂದ, ಹಿಂದೆ ತಪ್ಪಿಸಿಕೊಂಡವರಿಗಷ್ಟೇ ಹಾಕಲು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಗೆಳತಿಯ ಸರದಿ ಬಂದಾಗ ಮಾಸ್ತರರು ಪಟ್ಟಿ ನೋಡಿ, “ಈಕಿಗೆ ಹಾಕೇತ್ರಿ, ಮುಂದಿನಾಕಿ ಬರ್ಲಿ” ಎಂದರು. ಅವಳು ನನ್ನತ್ತ ತಿರುಗಿ ನಕ್ಕಳು. ಬಾಯಿ ಬಿಟ್ಟರೆ ಛಡಿ ಏಟು ನನಗೆ. ಬಾಯಿ ಬಿಡಲಿಲ್ಲ. ಎಂಟು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ಯಾರಾದರೂ ಸಮಾಧಾನ ಹೇಳಬಹುದು. ನನಗೆ ತಿಳಿದಿತ್ತು.

ಮೂರು ವಾರದೊಳಗೆ ಅವಳಿಗೆ ಬಂತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನನ್ನನ್ನು ಆ ಓಣಿಗೇ ಬಿಡಲಿಲ್ಲ. ಬಿಟ್ಟಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ಒಂಬತ್ತನೆಯ ದಿನ ಅವಳು ತೀರಿಹೋದಳು.

ತಿಂಗಳಾದ ಮೇಲೆ ಅವಳ ಅವ್ವ ಬಾವಿಯ ಹತ್ತಿರ ಸಿಕ್ಕಳು. ಕೊಡ ಕೆಳಗಿಟ್ಟು ನನ್ನ ಎರಡೂ ತೋಳು ಹಿಡಿದು ನೋಡಿದಳು. ಬಲಗಡೆಯ ಕಲೆಯ ಮೇಲೆ ಬೆರಳಾಡಿಸುತ್ತ, “ನಿನಗ ಎಷ್ಟ ಛಲೋ ಎದ್ದಾವ ತಂಗಿ. ಇದರಾಗ ಒಂದರ ನನ್ನ ಮಗಳಿಗೆ ಏಳಬಾರದಿತ್ತ?” ಎಂದಳು.

ಆಗಲೂ ನಾನು ಬಾಯಿ ಬಿಡಲಿಲ್ಲ.