ಎಂಟು ಹಾಡುಗಳಿದ್ದ ಪೆಟ್ಟಿಗೆ

ಪಕ್ಕದ ಮನೆಗೆ ಯಾರೋ ಬಂದಿದ್ದಾರೆಂದು ನನಗೆ ಮೊದಲು ಹೇಳಿದವನು ಈರುಳ್ಳಿ ಗಾಡಿಯವನು. ಅಂದು ಅವನು ಮುಖ ಊದಿಸಿಕೊಂಡಿದ್ದ. ಹೊಸದಾಗಿ ಬಂದ ಮನುಷ್ಯ ಬಾಗಿಲು ತೆರೆದು ಹೊರಗೆ ಬಂದು, ಈ ಮನೆ ಮುಂದೆ ಮಾತ್ರ ಕೂಗಬೇಡಪ್ಪ ಎಂದು ಕೈ ಮುಗಿದನಂತೆ.

"ಬೈದಿದ್ರೆ ನಾನೂ ಬೈತಿದ್ದೆ ಹೊಲಿಗೆಯಮ್ಮ. ಕೈ ಮುಗಿದ್ರೆ ಏನ್ ಮಾಡೋದು? ಬಾಯಿ ಮುಚ್ಕೊಂಡು ಈರುಳ್ಳಿ ಮಾರೋದು ಹೇಗೆ, ನೀವೇ ಹೇಳಿ."

ಮರುದಿನ ಆ ಮನುಷ್ಯ ನನ್ನ ಬಾಗಿಲಿಗೂ ಬಂದ. ನನ್ನ ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ಹೊಲಿಗೆ ಯಂತ್ರವೇ ನನಗೆ ಅನ್ನ. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವನದು ದನಿ ಹಿಡಿದಿಡುವ ಕಸುಬಂತೆ. ನಾನು ಈ ಕಡೆ ಕೂತು ಪೆಡಲು ತುಳಿದರೆ ಆ ಕಡೆ ಅವನ ಮೈಕಿನಲ್ಲಿ ಕುದುರೆ ಓಡಿದ ಹಾಗೆ ಕೇಳುತ್ತದಂತೆ. ಯಂತ್ರವನ್ನು ಆಚೆ ಗೋಡೆಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಅಲ್ಲಿ ಬೆಳಕಿಲ್ಲ, ಸೂಜಿಗೆ ದಾರ ನೀನು ಪೋಣಿಸಿ ಕೊಡುತ್ತೀಯಾ ಎಂದು ನಾನು ಕೇಳಿದೆ. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಅವನು ಗೋಡೆಗೆ ಒಂದು ಸಲ ಬಡಿದರೆ ನಾನು ನಿಲ್ಲಿಸಬೇಕು, ಎರಡು ಸಲ ಬಡಿದರೆ ತುಳಿಯಬಹುದು. ಅವನೋ, ನಾನು ಕಾಲರ್ ತಿರುಗಿಸುವ ಹೊತ್ತಿಗೇ ಸರಿಯಾಗಿ ಬಡಿಯುತ್ತಿದ್ದ. ನಾನೂ ಒಂದೆರಡು ಸಲ ಬೇಕೆಂದೇ ತುಳಿದದ್ದುಂಟು.

ಹೀಗೆ ಬೀದಿಯವರನ್ನೆಲ್ಲ ಸದ್ದು ಮಾಡಬೇಡಿ ಎಂದು ಬೇಡಿಕೊಂಡು ತಿರುಗುತ್ತಿದ್ದದ್ದರಿಂದ ಅವನಿಗೆ ಸದ್ದಪ್ಪ ಎಂದೇ ಹೆಸರು ಬಿತ್ತು.

ಅವನ ಕೋಣೆಯ ಗೋಡೆಗಳಿಗೆ ನಾನೇ ಹಳೆ ಕಂಬಳಿ ಜೋಡಿಸಿ ದಪ್ಪ ಪರದೆ ಹೊಲಿದುಕೊಟ್ಟೆ. ಹಾಗಾಗಿ ಒಳಗೆ ಹೋಗುವ ಸಲಿಗೆ ನನಗೆ ಸಿಕ್ಕಿತು. ಒಂದು ಮೇಜು, ಎರಡು ಸ್ಪೀಕರು, ಒಂದು ಮೈಕು, ಮೇಜಿನ ಕೆಳಗೆ ಕಂಪ್ಯೂಟರು. ಅಂಗಡಿಯವರು ತಮ್ಮ ಜಾಹೀರಾತು ಓದಿಸಲು ಬರುತ್ತಿದ್ದರು, ಮೇಷ್ಟರುಗಳು ಪಾಠ ಓದಲು ಬರುತ್ತಿದ್ದರು. ಅವರ ಕೆಮ್ಮು, ಉಗುಳು ನುಂಗಿದ ಸದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲವನ್ನೂ ಸದ್ದಪ್ಪ ಕೂತು ಒಂದೊಂದಾಗಿ ತೆಗೆಯುತ್ತಿದ್ದ. ನಾನು ತಪ್ಪು ಹೊಲಿಗೆ ಬಿಚ್ಚುವುದಕ್ಕೂ ಅದಕ್ಕೂ ನನಗೇನೂ ಭೇದ ಕಾಣಲಿಲ್ಲ.

ಅವನ ಜೊತೆಗಿದ್ದವಳು ಅವನ ಅಕ್ಕ, ಅವನಿಗಿಂತ ಎಂಟು ವರ್ಷ ದೊಡ್ಡವಳು. ಬೇರೆಯವರು ಹಾಡುವಾಗ ಹಿಂದೆ ನಿಂತು ದನಿ ಕೂಡಿಸುವುದು ಅವಳ ಕಸುಬಾಗಿತ್ತು. ಮೂವತ್ತು ವರ್ಷ ಹಾಡಿದರೂ ಅವಳೊಬ್ಬಳ ದನಿ ಹೇಗಿದೆಯೆಂದು ಕೇಳಿದವರಿಲ್ಲ. ತಮ್ಮ ಅವಳಿಗಾಗಿಯೇ ಎಂಟು ಹಾಡು ಕಟ್ಟಿ, ಹಾಡಿಸಿ, ಕಂಪ್ಯೂಟರಿನಲ್ಲಿ ಹಿಡಿದಿಟ್ಟಿದ್ದ. ವಾದ್ಯಗಳನ್ನು ಕೂಡಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ನಮ್ಮ ಬೀದಿಗೆ ಬರುವಾಗಲೇ ಅವಳು ಮಾತಿಲ್ಲದವಳು. ಕೊರಳಿಗೆ ದಾರ ಕಟ್ಟಿ ತೂಗುಹಾಕಿಕೊಂಡ ಪುಟ್ಟ ನೋಟುಬುಕ್ಕೇ ಅವಳ ಬಾಯಿ. ಮೊಣಕಾಲು ನೋಯುತ್ತಿದ್ದರೂ ದಿನಕ್ಕೊಂದು ಸಲ ಆ ಕೋಣೆಯ ಬಾಗಿಲಿಗೆ ಬಂದು ಮೇಜಿನ ಕೆಳಗೆ ಇಣುಕಿ ಹೋಗುತ್ತಿದ್ದಳು.

ಒಮ್ಮೆ ನಾನು ಅವಳನ್ನು ಕೇಳಿದೆ, ನಿನ್ನ ಹಾಡು ಅಲ್ಲೇ ಇದೆಯಲ್ಲ, ಕೇಳಬಾರದೇ ಎಂದು. ಅವಳು ಬರೆದು ತೋರಿಸಿದಳು: "ಎಂಟೂ ಪೂರ್ತಿ ಆದಾಗ ಕೇಳ್ತೀನಿ. ಬರೀ ದನಿ ಕೇಳೋ ಶಕ್ತಿ ಇಲ್ಲ."

ಅದಕ್ಕೇ ಸದ್ದಪ್ಪ ಒಂದೊಂದು ಹಾಡನ್ನು ವರ್ಷಗಟ್ಟಲೆ ತಿದ್ದುತ್ತಿದ್ದ. ಅಕ್ಕ ಕೇಳುವುದು ಒಂದೇ ಸಲ, ಅದರಲ್ಲಿ ಕುಂದಿರಬಾರದು ಎಂಬ ಹಟ. ಆದರೆ ಕಂಪ್ಯೂಟರು ಕಾಯಬೇಕಲ್ಲ. ಅದು ಅವರ ಜೊತೆ ಬರುವಾಗಲೇ ಹಳತು. ಅದರೊಳಗೆ ಅವನು ಬಳಸುತ್ತಿದ್ದ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ. ಹೊಸ ಕಂಪ್ಯೂಟರಿಗೆ ಆ ಹಾಡುಗಳನ್ನು ತೆರೆಯಲು ಬಾರದು. ಹಾಗಾಗಿ ಹಾಡು ಮುಗಿಯುವ ತನಕ ಆ ಮುದಿಯನ್ನೇ ಉಸಿರಾಡಿಸಬೇಕಿತ್ತು.

ಹನ್ನೊಂದು ವರ್ಷ ಉಸಿರಾಡಿಸಿದ. ಅದರ ಪಕ್ಕದ ತಗಡು ತೆಗೆದು, ಒಳಕ್ಕೆ ಗಾಳಿ ಬೀಸುವಂತೆ ಟೇಬಲ್ ಫ್ಯಾನು ಇಟ್ಟ. ಧೂಳು ಹೊಡೆಯಲು ನನ್ನ ಯಂತ್ರದ ಬ್ರಷ್ಷನ್ನೇ ಒಯ್ಯುತ್ತಿದ್ದ. ಒಂದು ದಿನ ಮುಂಜಾನೆ ಪೆನ್ಸಿಲ್ ಅಳಿಸುವ ರಬ್ಬರು ಇದೆಯಾ ಎಂದು ಬಂದ. ಯಾರಿಗೆ ಕಾಗುಣಿತ ಕಲಿಸುತ್ತೀ ಎಂದರೆ, ಕಂಪ್ಯೂಟರಿನೊಳಗಿಂದ ಕಿತ್ತ ಒಂದು ಪಟ್ಟಿಯ ಅಂಚಿನ ಹಳದಿ ತಗಡಿನ ಹಲ್ಲುಗಳನ್ನು ಅದರಲ್ಲಿ ಉಜ್ಜಿದ. ಸತ್ತಂತಿದ್ದದ್ದು ಎದ್ದು ಕೂತಿತು. ಅದರೊಳಗೆ ನಾಣ್ಯದ ಹಾಗೆ ಒಂದು ಬ್ಯಾಟರಿ. ಅದು ತೀರಿದಾಗಲೆಲ್ಲ ಕಂಪ್ಯೂಟರು ತಾರೀಖು ಮರೆತು, ಎಷ್ಟೋ ವರ್ಷ ಹಿಂದಿನ ಜನವರಿ ಒಂದು ಎಂದೇ ತಿಳಿದುಕೊಳ್ಳುತ್ತಿತ್ತು. ಅದನ್ನು ನೋಡಿ ನಾವು ನಗುತ್ತಿದ್ದರೆ ಅಕ್ಕ ಬರೆದಳು: "ಅದು ಹೇಳೋದೇ ಸರಿ. ಆಗ ನನಗೆ ದನಿ ಇತ್ತು."

ರಿಪೇರಿಯವನಂತೂ ಬಂದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. "ಸಾರ್, ಇದರ ಸ್ಪೇರ್ ಪಾರ್ಟು ಅಂಗಡೀಲಿ ಸಿಗಲ್ಲ. ಇನ್ನು ನೆಲ ಅಗೆದೇ ತೆಗೀಬೇಕು." ಹಾಗಂದರೂ ಗುಜರಿಯಲ್ಲಿ ಹುಡುಕಿ ಏನಾದರೊಂದು ತಂದು ಬೆಸುಗೆ ಹಾಕಿಹೋಗುತ್ತಿದ್ದ.

ಏಳು ಹಾಡು ಮುಗಿದವು. ಎಂಟನೆಯದು ನಡೆಯುತ್ತಿತ್ತು. ಆಗ ಒಳಗೆ ಹಾಡಿಗೆಂದೇ ಬೇರೆ ಇದ್ದ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು. ಹಾಡುಗಳೆಲ್ಲ ಇದ್ದದ್ದು ಅದರಲ್ಲೇ. ಇದು ಸಾಯುವವರ ಸದ್ದು ಹೊಲಿಗೆಯಮ್ಮ ಎಂದ ಸದ್ದಪ್ಪ. ನನಗೆ ತಿಳಿದದ್ದನ್ನು ನಾನು ಹೇಳಿದೆ. ನನ್ನ ಹತ್ತಿರ ಅಳತೆಯ ಹಳೆ ಕಾಗದಗಳಿವೆ, ಹರಿಯುವ ಮುಂಚೆ ಹೊಸ ಕಾಗದದ ಮೇಲಿಟ್ಟು ಗೀಚಿಕೊಳ್ಳುತ್ತೇನೆ, ನೀನೂ ಹಾಗೇ ಮಾಡು ಪುಣ್ಯಾತ್ಮ ಎಂದೆ. ಮುಟ್ಟಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಅವನು ಅಷ್ಟು ವರ್ಷವೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ. ಎಂಟನೆಯದೂ ಮುಗಿಯಲಿ ಎನ್ನುತ್ತಿದ್ದ. ನಾನು ನಾಲ್ಕು ದಿನ ಬೆನ್ನು ಬಿಡಲಿಲ್ಲ. ಕಡೆಗೆ ಅಂಥದೇ ಇನ್ನೊಂದು ಡಿಸ್ಕು ತಂದ, ಅದೇ ಅಳತೆ, ಅದೇ ಬಣ್ಣ.

ನಕಲು ಮಾಡುವ ದಿನ ನಾನು ಯಂತ್ರ ಮುಟ್ಟಲಿಲ್ಲ. ಚಹಾ ಮಾಡಿಕೊಂಡು ಹೋಗಿ ಅವನ ಪಕ್ಕ ಕೂತೆ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಪೆಟ್ಟಿಗೆಯ ಚಿತ್ರ, ಒಂದರ ಕೆಳಗೊಂದು. ಯಾವುದರಿಂದ ಯಾವುದಕ್ಕೆ ಎಂದು ಅದು ಕೇಳಿತು. ಅವನು ಒತ್ತಿದ. ಖಂಡಿತವೇ ಎಂದು ಇನ್ನೊಂದು ಸಲ ಕೇಳಿತು. ಮತ್ತೆ ಒತ್ತಿದ. ಹಸಿರು ಗೆರೆ ನಿಧಾನವಾಗಿ ಉದ್ದವಾಗುತ್ತ ಹೋಯಿತು. ನಾಲ್ಕು ಗಂಟೆ ಹೊತ್ತು ಕಂಪ್ಯೂಟರು ಒಮ್ಮೆಯೂ ನಿಲ್ಲಲಿಲ್ಲ, ಬಿಸಿಯಾಗಲಿಲ್ಲ, ಕೈಕೊಡಲಿಲ್ಲ. ತೆಳು ಮಲ್ಲಿನ ಬಟ್ಟೆಯಲ್ಲಿ ಸೂಜಿ ಓಡಿದ ಹಾಗೆ ಓಡಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಅಡುಗೆಮನೆಗೆ ಹೋದಳು.

ಗೆರೆ ತುಂಬಿತು. ಹೊಸ ಡಿಸ್ಕು ತೆರೆದ. ಖಾಲಿ. ಹಳೆಯದನ್ನು ತೆರೆದ. ಅದೂ ಖಾಲಿ.

ಬೆಳಿಗ್ಗೆ ಹೊಸ ಡಿಸ್ಕನ್ನು ಜೋಡಿಸುವಾಗ ಫ್ಯಾನಿನ ಗಾಳಿಗೆ ಅಡ್ಡವಾಗುತ್ತದೆಂದು ತಂತಿಗಳನ್ನು ಅದಲುಬದಲು ಮಾಡಿದ್ದ. ಪರದೆಯ ಮೇಲೆ ಹೊಸದು ಮೇಲಕ್ಕೆ ಹೋಗಿತ್ತು, ಹಳೆಯದು ಕೆಳಗಿಳಿದಿತ್ತು. ಹನ್ನೊಂದು ವರ್ಷ ಮೊದಲ ಸಾಲಿನಲ್ಲೇ ಹಳೆಯದನ್ನು ನೋಡಿ ಅಭ್ಯಾಸವಾದ ಕಣ್ಣು, ಪೆಟ್ಟಿಗೆಗಳ ಕೆಳಗಿನ ಸಣ್ಣ ಅಕ್ಷರ ಓದಲಿಲ್ಲ. ಬರಿದಾಗಿದ್ದ ಹೊಸ ಡಿಸ್ಕಿನ ನಕಲನ್ನು ಹಾಡುಗಳ ಮೇಲೆ ಹೊದಿಸಿಬಿಟ್ಟಿದ್ದ.

ಹಾಡು ಏನಾದರೂ ಉಳಿದಿದೆಯೇ ನೋಡುತ್ತೇನೆಂದು ರಿಪೇರಿಯವನು ಎರಡೂ ಡಿಸ್ಕು ಒಯ್ದ. ಹದಿನೈದು ದಿನ ಬಿಟ್ಟು ಬಂದು, ಅಂದು ತಮಾಷೆ ಮಾಡದೆ ಮೇಜಿನ ಮೇಲಿಟ್ಟು ಹೋದ.

ಅಕ್ಕನಿಗೆ ಸದ್ದಪ್ಪ ಹೇಳಿದ್ದು ಒಂದೇ ಮಾತು, ಕಂಪ್ಯೂಟರ್ ಕೆಟ್ಟುಹೋಯಿತು ಅಂತ. ಅವಳು ಅಳಲಿಲ್ಲ. "ಅದು ಯಾವತ್ತೋ ಒಂದು ದಿನ ಹೀಗೆ ಮಾಡುತ್ತೆ ಅಂತ ಗೊತ್ತಿತ್ತು. ಹೊರಗೆ ಹಾಕು," ಎಂದು ಬರೆದಳು. ಅವನು ಹಾಕಲಿಲ್ಲ. ಅವಳು ಆ ಕೋಣೆಯ ಕಡೆ ಮತ್ತೆ ಬರಲಿಲ್ಲ. ನನ್ನ ಹತ್ತಿರವೂ ಕೂತು ಆ ಕಂಪ್ಯೂಟರಿಗೆ ಪುಟಗಟ್ಟಲೆ ಶಾಪ ಹಾಕುತ್ತಿದ್ದಳು. ನಾನು ಓದಿ ತಲೆ ಆಡಿಸುತ್ತಿದ್ದೆ. ನಿಜ ಗೊತ್ತಿದ್ದದ್ದು ನನಗೆ, ಅವನಿಗೆ. ನಕಲು ಮಾಡು ಎಂದು ಕಾಡಿದವಳು ನಾನು. ಬಾಯಿ ಬಿಡಲು ನನಗೆಲ್ಲಿಯ ಮುಖ?

ಒಳಗೆ ಹಾಡು ಇಲ್ಲದಿದ್ದರೂ ಸದ್ದಪ್ಪ ಕಂಪ್ಯೂಟರನ್ನು ಒರೆಸುತ್ತಿದ್ದ, ಬ್ಯಾಟರಿ ಬದಲಿಸುತ್ತಿದ್ದ, ಅದರಲ್ಲೇ ಅಂಗಡಿಯವರ ಜಾಹೀರಾತು ಮಾಡುತ್ತಿದ್ದ. ಆ ಎಂಟು ಹಾಡನ್ನು ಇನ್ನೊಬ್ಬರ ಕೈಲಿ ಹಾಡಿಸು ಎಂದು ಯಾರೋ ಹೇಳಿದರು. ಅವನು ಎದ್ದು ಹೋಗಿ ಕಿಟಕಿ ಮುಚ್ಚಿದ. ಬರಬರುತ್ತ ಜನ ತಮ್ಮ ಫೋನಿನಲ್ಲೇ ದನಿ ಹಿಡಿದುಕೊಳ್ಳಲು ಕಲಿತರು, ಗೋಡೆ ಬಡಿಯುವುದು ನಿಂತಿತು. ನಾನು ಬೇಕಾದಷ್ಟು ಹೊತ್ತು ತುಳಿದೆ.

ಎರಡು ವರ್ಷಕ್ಕೆ ಅವನ ಮೂತ್ರಪಿಂಡ ಸೋತಿತು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತು ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಅವನು ನನ್ನನ್ನು ಹತ್ತಿರ ಕರೆದ. ಅಕ್ಕ ಇವತ್ತೂ ಆ ಕಂಪ್ಯೂಟರನ್ನು ಬೈದು ಬರೆದಳು, ಓದಲು ಆಗುತ್ತಿಲ್ಲ ಎಂದ. ನೀನೇ ಹೇಳಿಬಿಡು ತಮ್ಮ, ಹಗುರಾಗುತ್ತದೆ ಎಂದೆ. ತಲೆ ಅಲ್ಲಾಡಿಸಿದ. ಅವಳ ಮುಖ ನೋಡಿಕೊಂಡು ಹೇಳಲು ತನ್ನ ಕೈಲಿ ಆಗದು, ತಾನು ಹೋದ ಮೇಲೆ ನೀವು ಹೇಳಬೇಕು ಎಂದ. ಏನಂತ ಹೇಳಲಿ ಎಂದು ಕೇಳಿದೆ.

"ಕಂಪ್ಯೂಟರ್ ತಪ್ಪಲ್ಲ ಅನ್ನಿ. ಅದು ಕೊನೇವರೆಗೂ ನಾನು ಹೇಳಿದ್ದನ್ನೇ ಮಾಡ್ತು."