ಅಡುಗೆಮನೆಯ ತಕ್ಕಡಿ

ಯಜಮಾನರು ತಕ್ಕಡಿ ರಿಪೇರಿಯವರು. ಮೂವತ್ತೊಂದು ವರ್ಷ ಅದೇ ಕೆಲಸ. ಅಂಗಡಿಯ ತಕ್ಕಡಿ ಹತ್ತು ಗ್ರಾಂ ತಪ್ಪು ತೋರಿಸಿದರೂ ಸಾಮಾನು ಬಿಟ್ಟು ಬರುತ್ತಿದ್ದರು. ಹಾಗಾಗಿ ಹೆಂಡತಿ ಎಷ್ಟೋ ದಿನ ಈರುಳ್ಳಿಯಿಲ್ಲದೆ ಅಡುಗೆ ಮಾಡಿದ್ದಳು.

ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತು ಮಹಡಿ ಹತ್ತಿ ಇಳಿದು ಅವರ ಬಲ ಮೊಣಕಾಲು ಕೈಕೊಟ್ಟಿತು. ತೊಂಬತ್ತನಾಲ್ಕು ಕೆಜಿ ಎಂಬತ್ತನಾಲ್ಕಾಗುವ ತನಕ ಆಪರೇಷನ್ ಇಲ್ಲ ಎಂದರು ಡಾಕ್ಟರು. ಆಪರೇಷನ್ ಇಲ್ಲದಿದ್ದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಅವರು ಮನೆಯಲ್ಲಿ ಕೂರುವುದು ಇಬ್ಬರಿಗೂ ಬೇಡವಾಗಿತ್ತು.

ಡಾಕ್ಟರು ಪಥ್ಯವನ್ನೂ ಹೇಳಿದರು: ಹೊತ್ತಿಗೆ ಇನ್ನೂರು ಗ್ರಾಂ ಅನ್ನ, ತೂಗಿಯೇ ಬಡಿಸಬೇಕು. ತರಕಾರಿ ಎಷ್ಟಾದರೂ ಸರಿ.

“ಎಷ್ಟಾದ್ರೂ ಅಂದ್ರೆ? ನಾನೇನು ಹಸುನಾ?” ಎಂದು ಯಜಮಾನರು ಮನೆಯ ದಾರಿಯುದ್ದಕ್ಕೂ ಗೊಣಗಿದರು.

ತೂಗಲು ತಮ್ಮ ರಿಪೇರಿ ಅಂಗಡಿಯಿಂದ ಒಂದು ಹಳೆಯ ಸ್ಪ್ರಿಂಗ್ ತಕ್ಕಡಿ ತಂದು ತಾವೇ ಸರಿಮಾಡಿ ಒಲೆಯ ಪಕ್ಕ ಇಟ್ಟರು. ಹೆಂಡತಿ ಮುಳ್ಳು ಇನ್ನೂರಕ್ಕೆ ಬರುವ ತನಕ ಅನ್ನ ಹಾಕುತ್ತಿದ್ದಳು. ಒಂದು ಅಗುಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವರು ತುಟಿಪಿಟಿಕ್ಕೆನ್ನದೆ ತಿಂದು ಏಳುತ್ತಿದ್ದರು. ಊಟ ಹತ್ತು ನಿಮಿಷ ತಡವಾದರೆ ಮನೆ ತಲೆಮೇಲೆ ಹೊತ್ತುಕೊಳ್ಳುವ ಮನುಷ್ಯ. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಪಾಪ, ಕಾಲು ನೋವಿಗೆ ಮೆತ್ತಗಾಗಿದ್ದಾರೆ ಅಂದುಕೊಂಡಳು.

ತಿಂಗಳಾದ ಮೇಲೆ ಡಾಕ್ಟರ ಹತ್ತಿರ ತೂಗಿದರು. ತೊಂಬತ್ತೈದೂವರೆ.

“ಅಮ್ಮಾ, ಪ್ರೀತಿ ಸ್ವಲ್ಪ ಕಮ್ಮಿ ಬಡಿಸಿ” ಎಂದರು ಡಾಕ್ಟರು.

ಯಜಮಾನರು ಗೋಡೆ ನೋಡುತ್ತಾ, “ಇವಳ ಕೈ ಒಂಚೂರು ದೊಡ್ಡದು ಡಾಕ್ಟ್ರೇ” ಎಂದರು.

ಅವಳು ಮನೆಗೆ ಬಂದವಳೇ ಒಂದು ಕೆಜಿಯ ಒಡೆಯದ ಸಕ್ಕರೆ ಪೊಟ್ಟಣ ತಕ್ಕಡಿಯ ಮೇಲಿಟ್ಟಳು. ಮುಳ್ಳು ಏಳುನೂರೈವತ್ತಕ್ಕೆ ನಿಂತಿತು. ತಕ್ಕಡಿ ಬೋರಲು ಹಾಕಿದಳು. ಹಳೇ ತುಕ್ಕಿನ ನಡುವೆ ತಿರುಪಿನ ತಲೆ ಮಾತ್ರ ಹೊಳೆಯುತ್ತಿತ್ತು. ಮೂವತ್ತೊಂದು ವರ್ಷ ಊರಿನ ತಕ್ಕಡಿಗಳ ಕಳ್ಳತನ ಹಿಡಿದವರು ಮನೆಯ ತಕ್ಕಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದ್ದರು.

ಅವಳು ಕೂಗಾಡಲಿಲ್ಲ. ಮಾರನೆಯ ಮಧ್ಯಾಹ್ನ ಮುಳ್ಳು ನೂರೈವತ್ತಕ್ಕೆ ಬಂದಾಗ ಕೈ ನಿಲ್ಲಿಸಿದಳು.

“ಏ, ಇನ್ನೂರು ಕಣೇ.”

“ಇನ್ನೂರೇ ರೀ ಅದು.”

“ಮುಳ್ಳು ನೂರೈವತ್ತು ತೋರಿಸ್ತಿದೆ, ಕಣ್ಣು ಕಾಣಲ್ವಾ?”

“ಕಾಣತ್ತೆ. ಸಕ್ಕರೆ ಪೊಟ್ಟಣ ತರ್ಲಾ? ಅದನ್ನೇ ಕೇಳಿಬಿಡೋಣ.”

ಅವರು ಕಪಾಟಿನಲ್ಲಿದ್ದ ಪೊಟ್ಟಣ ನೋಡಿದರು, ತಕ್ಕಡಿ ನೋಡಿದರು. ಆಮೇಲೆ ತಟ್ಟೆ ಎಳೆದುಕೊಂಡರು.

“ತರಕಾರಿ ಹಾಕು” ಎಂದರು.

“ಎಷ್ಟು?”

“ಎಷ್ಟಾದ್ರೂ.”

ಆ ವಿಷಯ ಮತ್ತೆ ಇಬ್ಬರೂ ಎತ್ತಲಿಲ್ಲ. ಅವರು ಸ್ಪ್ರಿಂಗ್ ಬದಲಾಯಿಸಲಿಲ್ಲ, ಬದಲಾಯಿಸಿದರೆ ಒಪ್ಪಿಕೊಂಡಂತಾಗುತ್ತಿತ್ತು. ಅವಳು ದಿನಾ ನೂರೈವತ್ತಕ್ಕೆ ನಿಲ್ಲಿಸಿದಳು. ಮನೆ ತಲೆಮೇಲೆ ಹೊತ್ತುಕೊಳ್ಳುವುದು ಮತ್ತೆ ಶುರುವಾಯಿತು. ಅವಳಿಗೆ ಸಮಾಧಾನವಾಯಿತು. ಏಳು ತಿಂಗಳಿಗೆ ಎಂಬತ್ತನಾಲ್ಕಾದರು. ಆಪರೇಷನ್ ಆಯಿತು. ಎರಡು ವರ್ಷ ಮಹಡಿ ಹತ್ತಿ ಇಳಿದರು. ಮೊಣಕಾಲು ಚೆನ್ನಾಗಿಯೇ ಇತ್ತು. ಎದೆಬಡಿತ ನಿಂತಿತು.

ಆಮೇಲೆ ಅವಳು ತೂಗುವುದನ್ನು ಬಿಟ್ಟಳು. ಒಬ್ಬಳಿಗೆ ಏನು ತೂಗುವುದು? ಹಸಿವಾದರೆ ಒಂದು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ನಾಲ್ಕು ತಿಂಗಳಿಗೆ ರವಿಕೆಗಳು ಜೋತುಬಿದ್ದವು. ನೋಡಲು ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

“ಅಮ್ಮಾ, ಏನಿದು ಅವತಾರ? ಹೊತ್ತಿಗೆ ಇನ್ನೂರು ಗ್ರಾಂ ತಿನ್ಲೇಬೇಕು ನೀನು. ನನ್ನೆದುರಿಗೇ ತೂಗು.”

ತಾಯಿ ಅಟ್ಟದಿಂದ ತಕ್ಕಡಿ ಇಳಿಸಿ ಧೂಳು ಒರೆಸಿದಳು. ಮಗಳು ತಾನು ತಂದ ಅರ್ಧ ಕೆಜಿ ಬಿಸ್ಕತ್ತಿನ ಪೊಟ್ಟಣ ಇಟ್ಟು ನೋಡಿದಳು. ಮುಳ್ಳು ನಾನೂರನ್ನೂ ಮುಟ್ಟಲಿಲ್ಲ.

“ಅಯ್ಯೋ, ಇದು ಸುಳ್ಳು ಹೇಳತ್ತೆ. ಅಪ್ಪ ಇದ್ದ ಮನೇಲಿ ಇಂಥ ತಕ್ಕಡಿನಾ? ನಾಳೆ ಬೇರೆ ತರ್ತೀನಿ.”

“ಬೇಡ.”

“ಮೋಸದ ತಕ್ಕಡಿ ಅಮ್ಮಾ.”

“ಗೊತ್ತು. ಅದರ ಪಾಡಿಗೆ ಅದಿರ್ಲಿ.”

ಅವಳು ಅನ್ನ ಹಾಕತೊಡಗಿದಳು. ನೂರೈವತ್ತಕ್ಕೆ ಕೈ ತಾನಾಗಿ ನಿಂತಿತು. ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿದಳು. ಆಮೇಲೆ ಇನ್ನೂ ಹಾಕಿದಳು, ಮುಳ್ಳು ಇನ್ನೂರಕ್ಕೆ ಬರುವ ತನಕ. ಯಜಮಾನರು ಆ ಮೊದಲ ತಿಂಗಳು ಎಷ್ಟು ತಿಂದಿದ್ದರೋ ಅಷ್ಟು.

ತುಂಬಾ ಹೊತ್ತು ಹಿಡಿಯಿತು. ಒಂದು ಅಗುಳು ಬಿಡದೆ ತಿಂದಳು.