ಎಸ್ತೇರಮ್ಮ ದೇವರಿಗೆ ಹೇಳುತ್ತಿದ್ದ ವಿಳಾಸ

ನಾನು ಮೇಷ್ಟ್ರಾಗಿದ್ದ ಗುಬ್ಬಿಯ ಶಾಲೆಯ ಆಯಾ ಎಸ್ತೇರಮ್ಮ ಪ್ರಾರ್ಥನೆಗೆ ಕುಳಿತರೆ ದೇವರಿಗೆ ಕಾಯಿಲೆಯವರ ಹೆಸರಷ್ಟೇ ಅಲ್ಲ, ಬೀದಿ, ಬಾಗಿಲಿನ ಬಣ್ಣ, ಆ ಮನೆಯ ನಾಯಿ ಕಚ್ಚುತ್ತದೆಯೇ ಎಂಬುದನ್ನೂ ಹೇಳುತ್ತಿದ್ದರು. ಚರ್ಚಿನಲ್ಲಿ ಉಳಿದವರು ಆಮೆನ್ ಎಂದು ಊಟಕ್ಕೆ ಹೊರಟರೂ ಎಸ್ತೇರಮ್ಮ ಇನ್ನೂ ಎರಡನೆಯ ಬೀದಿಯಲ್ಲೇ ಇರುತ್ತಿದ್ದರು. “ದೇವರಿಗೆ ವಿಳಾಸ ಗೊತ್ತಿಲ್ವೇನಮ್ಮ?” ಎಂದು ಪಾಸ್ಟರ್ ನಕ್ಕರೆ, “ಆತನಿಗೆ ಗೊತ್ತು ಅಯ್ನೋರೇ, ನಾನು ಮರೀಬಾರ್ದಲ್ಲ!” ಎನ್ನುತ್ತಿದ್ದರು. ತೊಂಬತ್ತಾರನೇ ಇಸವಿಯಲ್ಲಿ ನನ್ನ ಹೆಂಡತಿ ಟೈಫಾಯ್ಡ್ ಬಂದು, ಅನ್ನ ನೀರು ಬಿಟ್ಟು ಮಲಗಿದಾಗ ನನಗೆ ಆ ಮಾತು ಅರ್ಥವಾಯಿತು. ಪ್ರಾರ್ಥನೆ ಮುಗಿಸಿ ಗಂಜಿ ಹಿಡಿದು ನೇರವಾಗಿ ನಮ್ಮ ಮನೆಗೆ ಬಂದ ಎಸ್ತೇರಮ್ಮ, “ಏಳವ್ವಾ, ವಾಸಿ ಮಾಡೋದು ದೇವರ ಕೆಲ್ಸ, ಚಮಚ ಹಿಡಿಯೋದ್ನ ನಂಗೆ ಬುಟ್ಟವ್ನೆ” ಎಂದರು. ಎಂಟು ದಿನಗಳಲ್ಲಿ ಮೊದಲ ಸಲ ನನ್ನವಳು ನಕ್ಕು ಬಾಯಿ ತೆರೆದಳು.